‘ಟೇಕ್’ ಕ್ರಿಯಾಪದ: ನಾನಾರ್ಥಗಳು, ಸಮಾನಾರ್ಥಕಗಳು ಮತ್ತು ಬೋಧನಾ ಕ್ರಮ

ಪೀಠಿಕೆ

ಮದ್ದೂರು, ಮಕ್ತಲ್, ನಾರಾಯಣಪೇಟೆ, ಗದ್ವಾಲಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು, ಕಲಬುರಗಿಗಳೊಡನೆ ಹೈದರಾಬಾದು ರಾಜ್ಯದಲ್ಲಿಯೇ ಇದ್ದವು. ಗಡಿ ಬದಲಾದರೂ ಮಾತಿನ ನಂಟು ಕಡಿದುಹೋಗಲಿಲ್ಲ. ಇಲ್ಲಿನ ಕನ್ನಡ ಮಾಧ್ಯಮದ ಮಗು ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ತೆಲುಗನ್ನೂ ಕೇಳುತ್ತದೆ. ಇಂಗ್ಲಿಷನ್ನು ಬಹುಮಟ್ಟಿಗೆ ತರಗತಿಯಲ್ಲಿ ಮಾತ್ರ ಕೇಳುತ್ತದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಮಾತೃಭಾಷೆಯ ಬಲದಿಂದಲೇ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಬಹುದೆಂದು ತೋರಿಸಿದಾಗ ಕನ್ನಡ ಶಾಲೆಯ ಮೇಲೆ ಪೋಷಕರ ನಂಬಿಕೆ ಉಳಿಯುತ್ತದೆ. ಈ ಪಾಠವು ಅದಕ್ಕೆ ಒಂದೇ ಕ್ರಿಯಾಪದವನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ.

ಸಮಸ್ಯೆಯ ಸ್ವರೂಪ

‘ಟೇಕ್ ಎಂದರೆ ತೆಗೆದುಕೊಳ್ಳು’ ಎಂದು ಕಪ್ಪುಹಲಗೆಯ ಮೇಲೆ ಬರೆದು ಮುಂದೆ ಸಾಗುವುದು ರೂಢಿ. ಇದು ತಪ್ಪಲ್ಲ, ಆದರೆ ಅಪೂರ್ಣ. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನರ ಇಂಗ್ಲಿಷ್ ನಿಘಂಟು ಈ ಒಂದು ಪದಕ್ಕೆ 134 ಅರ್ಥಗಳನ್ನು ಕೊಟ್ಟಿತ್ತು. ಒಂದು ಸಮಾನಪದವನ್ನಷ್ಟೇ ಬಲ್ಲ ಮಗು ‘ಇಟ್ ಟೇಕ್ಸ್ ಟೂ ಅವರ್ಸ್’ ಎಂಬುದನ್ನು ‘ಅದು ಎರಡು ಗಂಟೆ ತೆಗೆದುಕೊಳ್ಳುತ್ತದೆ’ ಎಂದು ಅನುವಾದಿಸುತ್ತದೆ. ಆ ಕನ್ನಡ ತನ್ನ ಮನೆಯದಲ್ಲವೆಂದು ಅದಕ್ಕೇ ಅನ್ನಿಸುತ್ತದೆ.

ತೊಡಕು ಎದುರು ದಿಕ್ಕಿನಲ್ಲಿಯೂ ಇದೆ. ‘ಅವ್ವ ನಾರಾಯಣಪೇಟೆಯಲ್ಲಿ ಸೀರೆ ತಗೊಂಡಳು’ ಎಂದರೆ ಕೊಂಡುಕೊಂಡಳು ಎಂದೇ ಅರ್ಥ. ತೆಲುಗಿನ ‘ತೀಸುಕುಂದಿ’ ಎಂಬುದಕ್ಕೂ ಆ ಅರ್ಥವುಂಟು. ಎರಡೂ ಭಾಷೆಗಳ ಬೆಂಬಲ ಪಡೆದ ಮಗು ಧೈರ್ಯವಾಗಿ ‘ಮೈ ಮದರ್ ಟುಕ್ ಅ ಸ್ಯಾರಿ ಫ್ರಮ್ ದ ಶಾಪ್’ ಎಂದು ಬರೆಯುತ್ತದೆ. ಇಂಗ್ಲಿಷ್ ಓದುಗನಿಗೆ ಅದರಲ್ಲಿ ಹಣ ಕೊಟ್ಟ ಸುಳಿವೇ ಕಾಣುವುದಿಲ್ಲ. ಹೇಳದೆ ಎತ್ತಿಕೊಂಡು ಬಂದಳೆಂದೂ ತೋರಬಹುದು. ಇಲ್ಲಿ ಬೇಕಾದ ಪದ ‘ಬಾಟ್’. ಇಂಥ ತಪ್ಪಿಗೆ ಕಾರಣ ಮಗುವಿನ ಬುದ್ಧಿಮಾಂದ್ಯವಲ್ಲ. ಎರಡು ಕ್ರಿಯಾಪದಗಳ ಅರ್ಥವಲಯಗಳು ಸ್ವಲ್ಪ ಭಾಗದಲ್ಲಿ ಮಾತ್ರ ಒಂದನ್ನೊಂದು ಮುಚ್ಚುತ್ತವೆ ಎಂಬುದನ್ನು ಅದಕ್ಕೆ ಯಾರೂ ತಿಳಿಸಿಲ್ಲ.

ಕನ್ನಡದ ‘ಹಿಡಿ’ಯಿಂದ ಆರಂಭ

ಒಂದು ಕ್ರಿಯಾಪದಕ್ಕೆ ಹಲವು ಅರ್ಥಗಳಿರುವುದು ಮಗುವಿಗೆ ಹೊಸತಲ್ಲ. ಮಳೆ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮಗು ಹಟ ಹಿಡಿಯುತ್ತದೆ, ಪ್ರಯಾಣಿಕ ಬಸ್ಸು ಹಿಡಿಯುತ್ತಾನೆ, ಕೆಲಸಕ್ಕೆ ಹೊತ್ತು ಹಿಡಿಯುತ್ತದೆ. ಈ ಯಾವ ವಾಕ್ಯವೂ ಮಗುವನ್ನು ಗೊಂದಲಕ್ಕೀಡುಮಾಡುವುದಿಲ್ಲ. ಜೊತೆಯಲ್ಲಿರುವ ನಾಮಪದವೇ ಅರ್ಥವನ್ನು ನಿರ್ಧರಿಸುತ್ತದೆ. ‘ಟೇಕ್’ ಕೂಡ ಹೀಗೆಯೇ. ಕ್ರಿಯಾಪದದ ಅರ್ಥವನ್ನು ಅದರ ಒಡನಾಡಿ ಪದದಲ್ಲಿ ಹುಡುಕಬೇಕೆಂಬುದೇ ಈ ಪಾಠದ ತಿರುಳು.

ಮುಖ್ಯ ಅರ್ಥಗಳು ಮತ್ತು ಸಮಾನಾರ್ಥಕಗಳು

1. ಕೈಗೆತ್ತಿಕೊಳ್ಳು: ‘ಟೇಕ್ ದ ಚಾಕ್’. ಇಲ್ಲಿ ‘ತೆಗೆದುಕೋ’ ಸರಿಯಾಗಿ ಹೊಂದುತ್ತದೆ. ಹತ್ತಿರದ ಪದ ‘ಪಿಕ್ ಅಪ್’.

2. ಒಯ್ಯು, ಕರೆದೊಯ್ಯು: ‘ಟೇಕ್ ದ ಬ್ಯಾಗ್ ಹೋಮ್’, ‘ಟೇಕ್ ಯುವರ್ ಬ್ರದರ್ ಹೋಮ್’. ಚೀಲವನ್ನು ಒಯ್ಯುವುದು, ತಮ್ಮನನ್ನು ಕರೆದೊಯ್ಯುವುದು ಎಂದು ಕನ್ನಡ ಭೇದ ಮಾಡುತ್ತದೆ. ತೆಲುಗಿನ ಆಡುಮಾತಿನಲ್ಲಿ ಎರಡಕ್ಕೂ ‘ತೀಸುಕೆಳ್ಳು’ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಟೇಕ್’ ಸಲ್ಲುತ್ತದೆ. ಆದ್ದರಿಂದ ಇಲ್ಲಿ ಮಗುವಿನ ತೆಲುಗೂ ನೆರವಿಗೆ ಬರುತ್ತದೆ. ವಸ್ತುವಿಗೆ ‘ಕ್ಯಾರಿ’ ಸಮೀಪದ ಪದ. ದಿಕ್ಕು ಬದಲಾದರೆ ‘ಬ್ರಿಂಗ್’, ಎಂದರೆ ‘ತರು’.

3. ಹೊತ್ತು ಹಿಡಿ: ‘ವೀವಿಂಗ್ ಅ ಸ್ಯಾರಿ ಟೇಕ್ಸ್ ಮೆನಿ ಡೇಸ್’, ಎಂದರೆ ಸೀರೆ ನೇಯಲು ಹಲವು ದಿನ ಹಿಡಿಯುತ್ತದೆ. ತೆಲುಗಿನಲ್ಲಿಯೂ ಇದಕ್ಕೆ ಹಿಡಿಯುವುದೆಂಬ ಅರ್ಥದ ‘ಪಟ್ಟು’ ಧಾತುವೇ ಬರುತ್ತದೆ. ಸಮಾನಾರ್ಥಕಗಳು ‘ನೀಡ್’, ‘ರಿಕ್ವೈರ್’.

4. ಸೇವಿಸು: ‘ಟೇಕ್ ದ ಮೆಡಿಸಿನ್’. ‘ಸ್ವಾಲೋ’ ಎಂದರೆ ನುಂಗುವ ಕ್ರಿಯೆ ಮಾತ್ರ. ‘ಟೇಕ್’ ಅದಕ್ಕಿಂತ ವಿಶಾಲ.

5. ಸ್ವೀಕರಿಸು: ‘ಟೇಕ್ ಮೈ ಅಡ್ವೈಸ್’. ‘ಅಕ್ಸೆಪ್ಟ್’ನಲ್ಲಿ ಒಪ್ಪಿಗೆಯಿದೆ, ‘ರಿಸೀವ್’ನಲ್ಲಿ ಬಂದದ್ದು ಕೈಸೇರುವುದಷ್ಟೇ ಇದೆ.

6. ಅನುಮತಿಯಿಲ್ಲದೆ ತೆಗೆ: ‘ಸಮ್‌ಒನ್ ಟುಕ್ ಮೈ ಪೆನ್’. ಇದು ನಡೆದುದನ್ನು ಹೇಳುತ್ತದೆ. ‘ಸ್ನ್ಯಾಚ್’ ಎಂದರೆ ಕಸಿದುಕೊಳ್ಳುವುದು. ‘ಸ್ಟೀಲ್’ ಎಂದರೆ ಕದಿಯುವುದು. ‘ಟುಕ್’ ಇರುವಲ್ಲಿ ‘ಸ್ಟೋಲ್’ ಬರೆದರೆ ಸಹಪಾಠಿಯ ಮೇಲೆ ಆರೋಪ ಹೊರಿಸಿದಂತಾಗುತ್ತದೆ. ಸಮಾನಾರ್ಥಕಗಳು ತೂಕದಲ್ಲಿ ಸಮಾನವಲ್ಲ ಎಂಬುದಕ್ಕೆ ಇದು ಉತ್ತಮ ನಿದರ್ಶನ.

7. ನುಡಿಗಟ್ಟುಗಳು: ‘ಟೇಕ್ ಅ ಬಾತ್’ ಸ್ನಾನ ಮಾಡು, ‘ಟೇಕ್ ರೆಸ್ಟ್’ ವಿಶ್ರಾಂತಿ ಪಡೆ, ‘ಟೇಕ್ ಪಾರ್ಟ್’ ಭಾಗವಹಿಸು, ‘ಟೇಕ್ ಪ್ಲೇಸ್’ ನಡೆ, ‘ಟೇಕ್ ಆಫ್ಟರ್’ ಹಿರಿಯರನ್ನು ಹೋಲು, ‘ಟೇಕ್ ಅ ಫೋಟೊ’ ಫೋಟೊ ತೆಗೆ. ಇವನ್ನು ಬಿಡಿಸದೆ ಇಡಿಯಾಗಿ ಕಲಿಸಬೇಕು.

ತರಗತಿಯ ಚಟುವಟಿಕೆ

ಮೊದಲು ಮಕ್ಕಳಿಂದಲೇ ‘ಹಿಡಿ’ ಬರುವ ಹತ್ತು ವಾಕ್ಯಗಳನ್ನು ಹೇಳಿಸಿ ಹಲಗೆಯ ಮೇಲೆ ಬರೆಯಬೇಕು. ಪ್ರತಿಯೊಂದರಲ್ಲೂ ಅರ್ಥವನ್ನು ಬದಲಿಸಿದ ಪದದ ಕೆಳಗೆ ಮಕ್ಕಳೇ ಗೆರೆ ಎಳೆಯಲಿ. ಬಳಿಕ ‘ಟೇಕ್’ ಇರುವ ಆರು ವಾಕ್ಯಗಳನ್ನು ಕೊಟ್ಟು, ಅದೇ ರೀತಿ ಒಡನಾಡಿ ಪದವನ್ನು ಗುರುತಿಸಿ, ಒಪ್ಪುವ ಕನ್ನಡ ಕ್ರಿಯಾಪದವನ್ನು ಗುಂಪಿನಲ್ಲಿ ಚರ್ಚಿಸಿ ಬರೆಯಿಸಬೇಕು. ತೆಲುಗು ಪದ ಮೊದಲು ಹೊಳೆದರೆ ಅದನ್ನು ತಡೆಯಬಾರದು. ಅದರಿಂದ ಕನ್ನಡಕ್ಕೆ ದಾರಿ ಮಾಡಿಕೊಡಬೇಕು. ಕೊನೆಗೆ ‘ತಗೊಂಡೆ’ ಬರುವ ನಾಲ್ಕು ಕನ್ನಡ ವಾಕ್ಯಗಳನ್ನು ಕೊಟ್ಟು, ಎಲ್ಲಿ ‘ಟುಕ್’, ಎಲ್ಲಿ ‘ಬಾಟ್’ ಎಂದು ವಿಂಗಡಿಸಿಸಬೇಕು. ಟೇಕ್, ಟುಕ್, ಟೇಕನ್ ಎಂಬ ರೂಪಗಳನ್ನು ಈ ವಾಕ್ಯಗಳ ಮೂಲಕವೇ ಅಭ್ಯಾಸ ಮಾಡಿಸಬಹುದು.

ಮೌಲ್ಯಮಾಪನ

‘ಟೇಕ್ ಪದದ ಅರ್ಥ ಬರೆಯಿರಿ’ ಎಂಬ ಪ್ರಶ್ನೆಯನ್ನು ಕೈಬಿಡುವುದು ಲೇಸು. ಅದಕ್ಕೆ ಒಂದು ಉತ್ತರವಿಲ್ಲ. ವಾಕ್ಯವನ್ನು ಕೊಟ್ಟು ಆ ಸಂದರ್ಭದ ಅರ್ಥವನ್ನು ಕೇಳಬೇಕು. ‘ತೆಗೆದುಕೊಳ್ಳು’ ಎಂದಷ್ಟೇ ಬರೆದ ಮಗುವಿಗೆ ಸೊನ್ನೆ ಕೊಡುವ ಬದಲು, ‘ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತಾರೆ?’ ಎಂದು ಕೇಳಿದರೆ ಸರಿಯಾದ ಕ್ರಿಯಾಪದ ತಾನಾಗಿ ಹೊರಬರುವ ಸಂಭವ ಹೆಚ್ಚು.

ಸಮಾರೋಪ

‘ಟೇಕ್’ ಮೂಲತಃ ಇಂಗ್ಲಿಷಿನ ಸ್ವಂತ ಪದವೇನಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದ ಜನರ ‘ತಾಕ’ ಎಂಬ ಪದವು ಹಳೆಯ ಇಂಗ್ಲಿಷಿನ ‘ನಿಮನ್’ ಎಂಬುದನ್ನು ಕ್ರಮೇಣ ಸರಿಸಿ ಆ ಸ್ಥಾನದಲ್ಲಿ ನಿಂತಿತು. ನೆರೆಹೊರೆಯ ಮಾತು ಬೆರೆಯುವುದು ಭಾಷೆಯ ದೋಷವಲ್ಲವೆಂಬುದಕ್ಕೆ ಇದು ಸಾಕ್ಷಿ. ಎರಡು ಭಾಷೆಗಳ ನಡುವೆ ಬೆಳೆದ ಗಡಿನಾಡಿನ ಮಗು ಪದಗಳನ್ನು ಹೋಲಿಸಿ ತೂಗುವ ಸಾಮರ್ಥ್ಯವನ್ನು ಶಾಲೆಗೆ ಬರುವ ಮುನ್ನವೇ ಗಳಿಸಿರುತ್ತದೆ. ಅದನ್ನು ಗುರುತಿಸಿ ಪಾಠದಲ್ಲಿ ಬಳಸಿಕೊಳ್ಳುವುದು ಶಿಕ್ಷಕರ ಹೊಣೆ.