ಬಿಸ್ಕತ್ ಪೊಟ್ಟಣದ ಮೇಲಿನ ಹುಡುಗಿ

ಹೋದ ಮಳೆಗಾಲದಲ್ಲಿ ನಮ್ಮ ಆಲೂಗಡ್ಡೆ ಹೊಲಕ್ಕೆ ಅಂಗಮಾರಿ ಬಿತ್ತು. ಅಪ್ಪನಿಗೆ ಜ್ವರ. ಔಷಧಿ ತರಲು ಅಜ್ಜಿ ಪೇಟೆಗೆ ಹೋಗಿದ್ದರು. ಅಜ್ಜಿಗೆ ಓದಲು ಬರುವುದಿಲ್ಲ. ಪೊಟ್ಟಣದ ಬಣ್ಣ, ಚಿತ್ರ ನೋಡಿಯೇ ಎಲ್ಲ ಸಾಮಾನು ಗುರುತು ಹಿಡಿಯುತ್ತಾರೆ. ಎರಡು ಸಲ ಹೊಡೆದರೂ ರೋಗ ನಿಲ್ಲಲಿಲ್ಲ. ಅದು ಔಷಧಿಯ ತಪ್ಪೋ ಮಳೆಯ ತಪ್ಪೋ ಹೇಳೋಕಾಗಲ್ಲ. ಆದರೆ ನಾನು ಹಳೇ ಖಾಲಿ ಪೊಟ್ಟಣವನ್ನು ಪಕ್ಕಕ್ಕಿಟ್ಟು ಓದಿದಾಗ ಹೆಸರಿನಲ್ಲಿ ಒಂದು ಅಕ್ಷರ ಬೇರೆ ಇತ್ತು! ಅಪ್ಪ ರೇಗಾಡಿದರು. ಅಜ್ಜಿ, "ಅದೇ ಬಣ್ಣ, ಅದೇ ಎಲೆ ಚಿತ್ರ, ನಂಗೇನ್ ಗೊತ್ತಾಗುತ್ತೆ ಮಗ" ಅಂತ ಅತ್ತೇಬಿಟ್ಟರು.

ತಪ್ಪು ಅಜ್ಜಿಯದೇ? ಹೊಳೆನರಸೀಪುರದಲ್ಲಿ ವಕೀಲರ ಗುಮಾಸ್ತರಾಗಿರುವ ನಮ್ಮ ಮಾವನನ್ನು ಕೇಳಿದೆ. ಅವರು ಹೇಳಿಕೊಟ್ಟ ಪಾಠ ಇದು.

ಒಬ್ಬರ ಸರಕನ್ನು ಗುರುತಿಸುವ ಹೆಸರು, ಚಿತ್ರ, ಹೊದಿಕೆಯ ಬಣ್ಣ ಇವಕ್ಕೆ ಟ್ರೇಡ್ ಮಾರ್ಕ್ ಅಥವಾ ವ್ಯಾಪಾರ ಚಿಹ್ನೆ ಎನ್ನುತ್ತಾರೆ. ನೋಂದಾಯಿಸಿದ ಚಿಹ್ನೆಯನ್ನು ಹೋಲುವಂತೆ ಅದೇ ಬಗೆಯ ಸರಕಿಗೆ ಬೇರೆಯವರು ಬಳಸಿ ಜನ ಮೋಸ ಹೋಗುವಂತಿದ್ದರೆ ಅದು ಚಿಹ್ನೆಯ ಉಲ್ಲಂಘನೆ. ನೋಂದಾಯಿಸದೇ ಇದ್ದರೂ, ತನ್ನ ಸರಕನ್ನು ಹೆಸರು ಮಾಡಿದ ಇನ್ನೊಬ್ಬರ ಸರಕು ಅಂತ ದಾಟಿಸಿದರೆ ಅದು 'ಪಾಸಿಂಗ್ ಆಫ್'. ಈಗ ಇರುವುದು 1999ರ ಕಾಯ್ದೆ. ಅದಕ್ಕೆ ಮೊದಲು 1958ರದು ಇತ್ತು.

ನಮ್ಮ ಮೈಸೂರಿನದೇ ಒಂದು ಮೊಕದ್ದಮೆ ಬಹಳ ಹೆಸರಾಗಿದೆ. ಪಾರ್ಲೆ ಕಂಪನಿಯ 'ಗ್ಲುಕೋ' ಬಿಸ್ಕತ್ ಕಾಗದದ ಮೇಲೆ ನೀರಿನ ಬಕೆಟ್ ಹಿಡಿದ ಹುಡುಗಿ, ಸುತ್ತ ಹಸು, ಕೋಳಿ, ಹಿಂದೆ ಮನೆಗಳು, ಬೇಲಿ ಇದ್ದವು. ಮೈಸೂರಿನ ಜೆ.ಪಿ. ಅಂಡ್ ಕಂಪನಿಯ 'ಗ್ಲೂಕೋಸ್' ಬಿಸ್ಕತ್ ಕಾಗದದಲ್ಲೂ ಹುಡುಗಿ, ಹಸು, ಕೋಳಿ. ಆದರೆ ಈ ಹುಡುಗಿಯ ತಲೆ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು, ಬುತ್ತಿ ಗಂಟು! (ನಮ್ಮೂರ ಹುಡುಗಿ ಇದ್ದ ಹಾಗೇ ಇದೆ.) ಕಾಗದದ ಅಳತೆ, ಬಣ್ಣ ಮಾತ್ರ ಹೆಚ್ಚುಕಡಿಮೆ ಒಂದೇ. ಕೆಳಗಿನ ಕೋರ್ಟೂ ಮೈಸೂರು ಹೈಕೋರ್ಟೂ ವ್ಯತ್ಯಾಸಗಳನ್ನು ನೋಡಿ ಪಾರ್ಲೆಯವರ ದಾವೆ ತಳ್ಳಿಹಾಕಿದವು. 1972ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕಬಾರದು. ಒಂದನ್ನು ಇವತ್ತು ನೋಡಿದವರು ಇನ್ನೊಂದು ದಿನ ಮತ್ತೊಂದನ್ನು ಕಂಡರೆ ಅದೇ ಅಂದುಕೊಳ್ಳುತ್ತಾರಾ ಎಂದು ನೋಡಬೇಕು. ಸಾಮಾನ್ಯ ಗಿರಾಕಿಗೆ ಕಥೆಯ ಪತ್ತೇದಾರ ಷೆರ್ಲಾಕ್ ಹೋಮ್ಸ್‌ನ ಕಣ್ಣು ಇರುವುದಿಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ಇದನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಅಪ್ಪ ಸುಮ್ಮನಾದರು.

ಔಷಧಿಯಾದರೆ ಇನ್ನೂ ಬಿಗಿಯಾಗಿ ನೋಡಬೇಕು ಎಂದು 2001ರಲ್ಲಿ ಮಲೇರಿಯಾ ಔಷಧಿಯ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾಕೆಂದರೆ ತಪ್ಪಾದರೆ ಜೀವಕ್ಕೇ ಅಪಾಯ.

ಹಾಗಂತ ಹೆಸರು ಒಂದೇ ಥರ ಇದ್ದ ಮಾತ್ರಕ್ಕೆ ಎಲ್ಲವೂ ತಪ್ಪಲ್ಲ. ಕೆ.ಎಂ.ಎಫ್. 1985ರಿಂದ ಹಾಲಿಗೆ 'ನಂದಿನಿ' ಹೆಸರು ಬಳಸುತ್ತಿದೆ. ಬೆಂಗಳೂರಿನ 'ನಂದಿನಿ ಡಿಲಕ್ಸ್' ಹೋಟೆಲಿನವರು 1989ರಿಂದ ಬಳಸುತ್ತಿದ್ದಾರೆ. ಕೆ.ಎಂ.ಎಫ್. ಆಕ್ಷೇಪಿಸಿತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೋಟೆಲಿನವರು ಗೆದ್ದರು. ಹಾಲು, ಹಾಲಿನ ಪದಾರ್ಥಕ್ಕೆ ಆ ಹೆಸರು ಹಾಕುವುದಿಲ್ಲ ಎಂದು ಅವರು ಬರೆದುಕೊಟ್ಟಿದ್ದರು. ನಮ್ಮ ಮನೆಯಿಂದಲೂ ಡೈರಿಗೆ ಹಾಲು ಹೋಗುತ್ತದೆ, ಆದ್ದರಿಂದ ನನಗೆ ಮೊದಲು ಕೋಪ ಬಂತು. ಆದರೆ ಹೋಟೆಲ್ ಊಟವನ್ನು ಹಾಲಿನ ಪ್ಯಾಕೆಟ್ ಅಂತ ಯಾರೂ ತಗೊಳ್ಳಲ್ಲವಲ್ಲ!

ಟ್ರೇಡ್ ಮಾರ್ಕ್ ದಾವೆ ಹಾಕುವ ಹಕ್ಕು ಚಿಹ್ನೆಯ ಒಡೆಯರದು, ಕೊಂಡವರದಲ್ಲ. ದಾವೆ ಜಿಲ್ಲಾ ಕೋರ್ಟಿಗೇ ಹೋಗಬೇಕು. ಹಾಗಾದರೆ ಅಜ್ಜಿಗೆ ಏನು ದಾರಿ? 1968ರ ಕೀಟನಾಶಕ ಕಾಯ್ದೆಯಲ್ಲಿ ಇನ್ನೊಂದು ಔಷಧಿಯ ನಕಲಿನಂತಿರುವುದೂ ತಪ್ಪು. ರೈತ ಸಂಪರ್ಕ ಕೇಂದ್ರಕ್ಕೆ ದೂರು ಕೊಡಬಹುದು. ನಷ್ಟಕ್ಕೆ ಹಾಸನದ ಗ್ರಾಹಕರ ಆಯೋಗ ಇದೆ. ಇಷ್ಟು ಹೇಳಿ ಮಾವ, "ಬಿಲ್ ಎಲ್ಲಿ?" ಅಂದರು.

ಅಜ್ಜಿ ಬಿಲ್ ಇಸ್ಕೊಂಡಿರಲಿಲ್ಲ.