ಏರ್‌ಬ್ರಷ್ ಸೂಜಿ ಬದಲಿಸುವ ಮುನ್ನ

ಮಾಡೆಲ್‌ಗೆ ಬಣ್ಣ ಹೊಡೆಯಲು ಹೊಸದಾಗಿ ಏರ್‌ಬ್ರಷ್ ಕೊಳ್ಳುವವರಿಗೆ 0.2 ಮಿ.ಮೀ. ಸೂಜಿಯ ಮೇಲೆಯೇ ಕಣ್ಣು. ಸಣ್ಣದಾದಷ್ಟೂ ಕೆಲಸ ನಾಜೂಕು ಎಂಬ ಲೆಕ್ಕ. ನನ್ನ ಮಾತು ಕೇಳಿ, 0.3ರಿಂದ ಶುರುಮಾಡಿ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಸೂಜಿಯ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ, 0.2ರಲ್ಲಿ ಈ ಕಾಟ ಹೆಚ್ಚು. ಪ್ರೈಮರ್, ವಾರ್ನಿಷ್, ದಪ್ಪ ಕಣಗಳ ಲೋಹದ ಬಣ್ಣಗಳಿಗೆ 0.4 ಅಥವಾ 0.5 ಬೇಕು. 0.2 ಏನಿದ್ದರೂ ವಿಮಾನದ ಮೈಮೇಲಿನ ಮಚ್ಚೆ, ಗೊಂಬೆಯ ಮುಖದಂಥ ಸೂಕ್ಷ್ಮ ಕೆಲಸಕ್ಕೆ, ಅದೂ ಬಣ್ಣ ಚೆನ್ನಾಗಿ ತೆಳುವಾಗಿದ್ದರೆ.

ಸೂಜಿಯೊಂದನ್ನೇ ಬದಲಿಸಿದರೆ ಸಾಲದು. ನಾಝಲ್ ಅದೇ ಅಳತೆಯದ್ದಿರಬೇಕು. ಕೆಲವು ಏರ್‌ಬ್ರಷ್‌ಗಳಲ್ಲಿ ಮುಂದಿನ ಟೋಪಿಯೂ ಬದಲಾಗಬೇಕು. ಮೊದಲು ಸೂಜಿಯನ್ನು ಹಿಂದಕ್ಕೆಳೆದು, ಆಮೇಲೆ ನಾಝಲ್ ಬಿಚ್ಚಿ. ಜೋಡಿಸುವಾಗ ಇದರ ತಿರುವುಮುರುವು: ನಾಝಲ್ ಕೂರಿಸಿ, ಹಿಂದಿನಿಂದ ಸೂಜಿಯನ್ನು ಮೆಲ್ಲಗೆ ತೂರಿಸಿ, ತಡೆದಲ್ಲಿ ನಿಲ್ಲಿಸಿ. ಒತ್ತಿದರೆ ನಾಝಲ್ ಬಾಯಿ ಸೀಳುತ್ತದೆ. ಜಪಾನಿನ ಇವಾಟಾದ ಹಲವು ಏರ್‌ಬ್ರಷ್‌ಗಳಲ್ಲಿ ನಾಝಲ್‌ಗೆ ತಿರುಪಿನ ಸುತ್ತುಗಳಿವೆ, ಸ್ಪ್ಯಾನರ್ ಬಿಗಿ ಜಾಸ್ತಿಯಾದರೆ ಮುರಿದೇಹೋಗುತ್ತದೆ. ಜರ್ಮನಿಯ ಹಾರ್ಡರ್ ಅಂಡ್ ಸ್ಟೀನ್‌ಬೆಕ್‌ನ ಇವೊಲ್ಯೂಷನ್‌ನಲ್ಲಿ ನಾಝಲ್ ಸುಮ್ಮನೆ ಕೂರುತ್ತದೆ. ಪದೇಪದೇ ಬದಲಿಸುವವರಿಗೆ ಅದೇ ವಾಸಿ.

ಬಿಚ್ಚಿದ ನಾಝಲ್ ತೀರಾ ಚಿಕ್ಕದು. ಸಿಂಕಿನ ಮೇಲೆ ಮಾತ್ರ ಈ ಕೆಲಸಕ್ಕೆ ಕೂರಬೇಡಿ.