ಊಟ ಒಗ್ಗುತ್ತಿಲ್ಲವೇ? ರಕ್ತ ಪರೀಕ್ಷೆಗೆ ಮುನ್ನ ಇಷ್ಟು ತಿಳಿದಿರಲಿ

ಹಾಲು ಕುಡಿದರೆ ಹೊಟ್ಟೆಯುಬ್ಬರ, ಚಪಾತಿ ತಿಂದರೆ ಭೇದಿ, ಶೇಂಗಾ ಹಿಂಡಿ ತಿಂದರೆ ಮೈತುಂಬ ದದ್ದು. ಮೂರಕ್ಕೂ ನಾವು ಹೇಳುವುದು ‘ಊಟ ಒಗ್ಗಲಿಲ್ಲ’ ಎಂದೇ. ಆದರೆ ಮೂರರ ಕಾರಣ ಬೇರೆ, ಪರೀಕ್ಷೆಯೂ ಬೇರೆ. ಒಮ್ಮೆ ರಕ್ತ ಕೊಟ್ಟರೆ ನೂರಾರು ಆಹಾರಗಳ ಪಟ್ಟಿ ಕೊಡುತ್ತೇವೆ ಎನ್ನುವ ದುಬಾರಿ ಪ್ಯಾಕೇಜ್‌ಗೆ ಹಣ ಕಟ್ಟುವ ಮುನ್ನ ಯಾದಗಿರಿ, ಶಹಾಪುರ, ಸುರಪುರದ ಓದುಗರು ಈ ಕ್ರಮ ಅನುಸರಿಸಿ.

1. ಬರೆದಿಡಿ: ಏನು ತಿಂದಿರಿ, ಎಷ್ಟು ಹೊತ್ತಿಗೆ ಏನಾಯಿತು ಎಂಬುದನ್ನು ಎರಡು ವಾರ ದಾಖಲಿಸಿ. ಚಹಾದ ಹಾಲನ್ನೂ ಬಿಡಬೇಡಿ. ತಿಂದ ಎರಡು ತಾಸಿನೊಳಗೆ ದದ್ದು, ತುಟಿ ಊತ, ವಾಂತಿ ಕಂಡರೆ ಅಲರ್ಜಿ ಇರಬಹುದು. ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ 108ಕ್ಕೆ ಕರೆ ಮಾಡಿ.

2. ವೈದ್ಯರಿಗೆ ತೋರಿಸಿ: ಆ ಬರಹದೊಂದಿಗೆ ತಾಲ್ಲೂಕು ಆಸ್ಪತ್ರೆಗೋ ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಯಿಮ್ಸ್) ಆಸ್ಪತ್ರೆಗೋ ಹೋಗಿ. ಜಂತು, ಅಮೀಬಾ ಸೋಂಕುಗಳೂ ಇದೇ ರೀತಿ ಕಾಡುತ್ತವೆ. ಅವುಗಳ ಪತ್ತೆಗೆ ಮಲ ಪರೀಕ್ಷೆ ಸಾಕಾಗಬಹುದು. ತೂಕ ಇಳಿಕೆ, ಮಲದಲ್ಲಿ ರಕ್ತ, ರಕ್ತಹೀನತೆ ಇದ್ದರೆ ತಡಮಾಡಬೇಡಿ.

3. ಅಲರ್ಜಿಯ ಅನುಮಾನವಿದ್ದರೆ: ಅನುಮಾನವಿರುವ ಪದಾರ್ಥಕ್ಕೆ ಮಾತ್ರ ‘ಐಜಿಇ’ (ಅಲರ್ಜಿಯ ಪ್ರತಿಕಾಯ) ರಕ್ತ ಪರೀಕ್ಷೆ ಅಥವಾ ಚರ್ಮದ ಪರೀಕ್ಷೆ ಮಾಡಿಸುತ್ತಾರೆ. ವರದಿ ಪಾಸಿಟಿವ್ ಬಂದರೂ, ತಿಂದಾಗ ತೊಂದರೆಯೇ ಆಗದಿದ್ದರೆ ಅದನ್ನು ಅಲರ್ಜಿ ಎನ್ನುವಂತಿಲ್ಲ.

4. ಗೋಧಿಯ ಅನುಮಾನವಿದ್ದರೆ: ಗೋಧಿಯ ಗ್ಲುಟೆನ್ ಎಂಬ ಪ್ರೋಟೀನ್ ಒಗ್ಗದ ಸೀಲಿಯಾಕ್ ಕಾಯಿಲೆ ಪತ್ತೆಗೆ ‘ಟಿಟಿಜಿ-ಐಜಿಎ’ ಮತ್ತು ಒಟ್ಟು ಐಜಿಎ ಪರೀಕ್ಷೆಗಳಿವೆ. ಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ವರದಿ ನೆಗೆಟಿವ್ ಬರಬಹುದು. ಕಾಯಿಲೆ ಖಚಿತವಾದರೂ ಎದೆಗುಂದಬೇಕಿಲ್ಲ. ನಮ್ಮ ಜೋಳ, ಸಜ್ಜೆ, ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಗೋಧಿ ಹಿಟ್ಟು ಬೆರೆಯುತ್ತದೆ. ಅಂಗಡಿಯ ಇಂಗಿನಲ್ಲೂ ಗೋಧಿ ಹಿಟ್ಟು ಇರುವುದುಂಟು, ಪೊಟ್ಟಣ ಓದಿ ಕೊಳ್ಳಿ.

5. ಹಾಲಿನ ಅನುಮಾನವಿದ್ದರೆ: ಹಾಲಿನಲ್ಲೇ ಇರುವ ಸಕ್ಕರೆ (ಲ್ಯಾಕ್ಟೋಸ್) ಜೀರ್ಣವಾಗದಿರುವುದನ್ನು ಮನೆಯಲ್ಲೇ ಗುರುತಿಸಬಹುದು. ದದ್ದು, ಊತ ಇಲ್ಲದ ದೊಡ್ಡವರು ಎರಡು ವಾರ ಹಾಲು ಬಿಟ್ಟು, ಮತ್ತೆ ಕುಡಿದು ನೋಡಲಿ. ಬಿಟ್ಟಾಗ ಹೋದ ತೊಂದರೆ ಕುಡಿದಾಗ ಮರಳಿದರೆ ಕಾರಣ ಬಹುಮಟ್ಟಿಗೆ ಸ್ಪಷ್ಟ. ಇದನ್ನು ಖಚಿತಪಡಿಸಲು ಉಸಿರಿನ ಹೈಡ್ರೋಜನ್ ಪರೀಕ್ಷೆಯಿದೆ. ಇಂಥವರಲ್ಲಿ ಅನೇಕರಿಗೆ ಮೊಸರು, ಮಜ್ಜಿಗೆ ಒಗ್ಗುತ್ತದೆ.

6. ‘ಐಜಿಜಿ’ ಪ್ಯಾಕೇಜ್ ಬೇಡ: ನೂರಾರು ಆಹಾರಗಳ ಪಟ್ಟಿ ಕೊಡುವ ಪರೀಕ್ಷೆಗಳು ಸಾಮಾನ್ಯವಾಗಿ ಅಳೆಯುವುದು ಐಜಿಜಿ ಪ್ರತಿಕಾಯಗಳನ್ನು. ಆ ಆಹಾರ ನಮ್ಮ ದೇಹಕ್ಕೆ ಪರಿಚಿತ ಎಂಬುದಷ್ಟೇ ಅದರ ಅರ್ಥ. ದಿನವೂ ತೊಗರಿಬೇಳೆ, ಶೇಂಗಾ ತಿನ್ನುವ ಆರೋಗ್ಯವಂತರ ವರದಿಯಲ್ಲೂ ಅವು ಕಾಣಿಸಿಕೊಳ್ಳಬಹುದು. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲಿ, ಕೆನಡಾದ ತಜ್ಞರ ಸಂಘ 2012ರಲ್ಲಿ ಇಂಥ ಪರೀಕ್ಷೆ ಬೇಡವೆಂದು ಹೇಳಿವೆ.

7. ಲ್ಯಾಬ್‌ನಲ್ಲಿ ಕೇಳಿ: ಇದು ಐಜಿಇಯೋ ಐಜಿಜಿಯೋ? ಯಾವ ಕಾಯಿಲೆ ಪತ್ತೆಗೆ? ಯಾವ ವೈದ್ಯರು ಬರೆದುಕೊಟ್ಟಿದ್ದಾರೆ? ಸರಿಯಾದ ಉತ್ತರ ಸಿಗದಿದ್ದರೆ ರಕ್ತ ಕೊಡಬೇಡಿ.

ಇಂಥ ಪಟ್ಟಿ ನಂಬಿ ಮಕ್ಕಳಿಗೆ ಹಾಲು, ಬೇಳೆ, ಮೊಟ್ಟೆ ನಿಲ್ಲಿಸಿದರೆ ಬೆಳವಣಿಗೆಯೇ ಕುಂಠಿತವಾದೀತು. ಮಕ್ಕಳು, ಗರ್ಭಿಣಿಯರು, ಬಾಣಂತಿಯರ ಊಟದಿಂದ ಯಾವುದನ್ನೇ ತೆಗೆಯುವ ಮೊದಲು, ಅದರ ಬದಲಿಗೆ ಏನು ಕೊಡಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ.